ಹುಳುವಿನ ರೋಗ, ರೈತನ ಕಾಲು

ಶಿಷ್ಯ ಚೆನ್ನವೀರ ಕೇಳಿದ: "ಗುರುಗಳೇ, ನಾನು ಬಿರುನುಡಿ ಆಡುವುದು ಅಡುಗೆಯವನ ಮೇಲೆ, ಕಸ ಗುಡಿಸುವವಳ ಮೇಲೆ ಮಾತ್ರ. ಹೆತ್ತ ತಾಯಿಗೆ ಎಂದೂ ಒಂದು ಕೆಟ್ಟ ಮಾತು ಆಡಿಲ್ಲ. ಇದರಲ್ಲಿ ಭಯಪಡುವಂಥದ್ದೇನಿದೆ?"

ಗುರುಗಳ ಕಣ್ಣು ಅರಳಿತು. ಒಳ್ಳೆಯ ಕತೆ ನಾಲಿಗೆಯ ತುದಿಗೆ ಬಂದರೆ ಅವರಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಎದ್ದು ನಿಂತೇ ಹೇಳತೊಡಗಿದರು.

ಒಬ್ಬ ವಿಜ್ಞಾನಿ ಇದ್ದ. ಹುಳುಗಳನ್ನು ಕೊಲ್ಲುವ ಒಂದು ಬ್ಯಾಕ್ಟೀರಿಯಾವನ್ನು ಇಪ್ಪತ್ತು ವರ್ಷ ಸಾಕಿದ್ದ. ಅದನ್ನು ಬೆಳೆಸುವ ಪೆಟ್ಟಿಗೆಯನ್ನು ಹುಳುವಿನ ಮೈಗೆ ಹಿತವಾಗುವಷ್ಟೇ ಬೆಚ್ಚಗೆ ಇಡುತ್ತಿದ್ದ. ಹುಳುವಿನ ರೋಗಕ್ಕೆ ಮನುಷ್ಯನ ಗೊಡವೆ ಇಲ್ಲ ಎಂದು ಎಲ್ಲರಿಗೂ ಹೇಳುತ್ತಿದ್ದ.

ಒಮ್ಮೆ ಹೂಕೋಸು ಬೆಳೆಯುವ ರೈತನೊಬ್ಬ ಕುಂಟುತ್ತ ಬಂದ. ಅವನ ಕಾಲಿನ ಹುಣ್ಣು ಯಾವ ಮದ್ದಿಗೂ ಬಗ್ಗಿರಲಿಲ್ಲ. ಕೀವಿನಲ್ಲಿ ಸಿಕ್ಕ ಜೀವಿಯ ಗುರುತು ಹತ್ತದೆ ವೈದ್ಯರು ಅವನನ್ನು ಇಲ್ಲಿಗೆ ಕಳುಹಿಸಿದ್ದರು. ವಾರದೊಳಗೆ ರೋಗ ಯಾವುದೆಂದು ತಿಳಿಯದಿದ್ದರೆ ಕಾಲು ತೆಗೆಯಬೇಕು ಎಂದಿದ್ದರು.

ವಿಜ್ಞಾನಿ ಕೀವಿನ ಆ ಜೀವಿಯನ್ನು ನೋಡಿದ. ಅದು ತಾನು ಸಾಕಿದ್ದರ ಹಾಗೆಯೇ ಇತ್ತು. ಅವನಿಗೆ ಊಟ ನಿದ್ದೆ ಬೇಡವಾಯಿತು, ಅದರ ಜೀನೋಮ್ ಓದಲು ಕುಳಿತ. ಜೀನೋಮ್ ಎಂದರೆ ಜೀವಿಯ ಹುಟ್ಟುಗುಣವೆಲ್ಲ ಬರೆದಿಟ್ಟ ಲಿಪಿ. ಇರುವುದು ನಾಲ್ಕೇ ಅಕ್ಷರ, ಅವನ್ನೇ ತಿರುಗಿಸಿ ಮುರುಗಿಸಿ ಐವತ್ತು ಲಕ್ಷ ಸಲ ಬರೆದಿದೆ. ಯಂತ್ರ ಓದಿಕೊಟ್ಟದ್ದನ್ನು ಹುಳುವಿನದರ ಪಕ್ಕ ಇಟ್ಟು, ಮನುಷ್ಯನನ್ನು ಹೊಡೆಯುವ ಹೊಸ ಆಯುಧಕ್ಕಾಗಿ ಹುಡುಕಿದ. ಒಂದೂ ಸಿಗಲಿಲ್ಲ. ಇದ್ದದ್ದೆಲ್ಲ ಹುಳುವಿಗೆ ಉಣಿಸುವ ಹಳೆಯ ವಿಷವೇ. ಹಾಗಾದರೆ ಹುಣ್ಣಿಗೆ ಇದು ಕಾರಣವಲ್ಲ, ಮಣ್ಣಿನಿಂದ ಸುಮ್ಮನೆ ಅಂಟಿಕೊಂಡದ್ದು ಎಂದುಬಿಟ್ಟ.

ಉತ್ತರ ಕೇಳಲು ಬಂದು ಕುಳಿತಿದ್ದ ರೈತ ಏಳಲು ಹೋದ. ಆಸರೆಗೆಂದು ಚಾಚಿದ ಕೈ ತೆರೆದಿದ್ದ ಪೆಟ್ಟಿಗೆಯೊಳಗೆ ಊರಿತು. ಅಲ್ಲೇ ನಿಂತ.

"ನನ್ನ ಮೈ ಇದಕ್ಕಿಂತ ಬಿಸಿ ಅಲ್ಲವೇ ಸ್ವಾಮಿ?" ಎಂದ.

ವಿಜ್ಞಾನಿ ಹಣೆ ಚಚ್ಚಿಕೊಂಡ. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಪೆಟ್ಟಿಗೆಯನ್ನು ಮನುಷ್ಯನ ಮೈಬಿಸಿಗೆ ಏರಿಸಿ ನೋಡಿರಲಿಲ್ಲ. ಈಗ ಎರಡನ್ನೂ ಒಳಗಿಟ್ಟು ಏರಿಸಿದ. ಎರಡನೆಯ ದಿನಕ್ಕೆ ಹುಳುವಿನದು ಸತ್ತಿತ್ತು, ಹುಣ್ಣಿನದು ತಟ್ಟೆ ತುಂಬ ಬೆಳೆದಿತ್ತು. ಮತ್ತೆ ಲಿಪಿಗೆ ಓಡಿದ. ಈ ಸಲ ಆಯುಧವನ್ನು ಬಿಟ್ಟು ಬಿಸಿ ತಾಳುವ ಗುಣವನ್ನು ಹುಡುಕಿದ. ಹುಳುವಿನದರಲ್ಲಿ ಇಲ್ಲದ ನಾಲ್ಕಾರು ಸಾಲು ಅಲ್ಲಿದ್ದವು. ಬಿಸಿ ತಾಳುವಂತಾದ ಮೇಲೆ ಮನುಷ್ಯನನ್ನು ಹೊಡೆಯಲೂ ಆ ಹಳೆಯ ವಿಷವೇ ಸಾಕಾಗಿತ್ತು. ಅದೇ ಬಿಸಿಯಲ್ಲಿ ಮದ್ದುಗಳನ್ನು ಒಂದೊಂದಾಗಿ ಪರೀಕ್ಷಿಸಿದ, ಒಂದು ನಾಟಿತು. ರೈತನ ಕಾಲು ಉಳಿಯಿತು.

ಚೆನ್ನವೀರ ಹಿಗ್ಗಿ ಹೀರೇಕಾಯಿಯಾದ. ಕತೆ ಬಹಳ ಚೆನ್ನಾಗಿದೆ, ಆದರೆ ತನ್ನ ಪ್ರಶ್ನೆಗೂ ಇದಕ್ಕೂ ಏನು ಸಂಬಂಧ ಎಂದು ಕೇಳಿದ.

ಗುರುಗಳು ಕುಳಿತುಕೊಂಡರು.

"ತಾಯಿಗೆಂದು ಬೇರೆ ನಾಲಿಗೆ ಇಟ್ಟುಕೊಂಡಿದ್ದೀಯೇನಪ್ಪ?"

ಚೆನ್ನವೀರ ಎದ್ದು ಅಡುಗೆಮನೆಯ ಕಡೆ ನಡೆದ.