ಚೆಲುವಿ ಏಳು ಹೆಜ್ಜೆ ಇಟ್ಟಳು ಅಂತ ಸಾರಿದ್ದು

ಬಾ, ಈ ಕಡೆ ಹೊರಳು. ಕಾಲು ನನ್ನ ಹೊಟ್ಟೆ ಮೇಲೆ ಹಾಕ್ಬೇಡ, ನಿದ್ದೇಲಿ ಒದೀತೀಯ. ತಮ್ಮ ಈಗಷ್ಟೇ ಕಣ್ಣು ಮುಚ್ಚಿದಾನೆ, ಹೂಂ ಅನ್ನೋದಾದ್ರೆ ಮೆಲ್ಲಗೆ ಅನ್ನು. ಅವನು ಎದ್ದ ಅಂದ್ರೆ ಕತೆ ನಿಮ್ಮಮ್ಮ ಹೇಳ್ತಾಳೆ, ನಾನಲ್ಲ.

ಒಂದಾನೊಂದು ಕಾಲದಲ್ಲಿ, ಅಂದ್ರೆ ನನ್ನಜ್ಜಿಯ ಅಜ್ಜಿಗೆ ಇನ್ನೂ ಹಾಲುಹಲ್ಲು ಬಂದಿರದ ಕಾಲದಲ್ಲಿ, ತೊಟ್ಟಿಲಹಟ್ಟಿ ಅಂತ ಒಂದು ಊರಿತ್ತಂತೆ. ಆ ಊರಲ್ಲಿ ಪೇಪರ್ ಇರಲಿಲ್ಲ, ಟಿವಿ ಇರಲಿಲ್ಲ, ನಿಮ್ಮಪ್ಪ ಹೊತ್ತೂ ಹೊತ್ತೂ ಉಜ್ತಾನಲ್ಲ ಆ ಫೋನಂತೂ ಇರಲೇ ಇಲ್ಲ. ಸುದ್ದಿ ಅಂದ್ರೆ ಮಲಿಯಪ್ಪ. ಮಲಿಯಪ್ಪ ಡಂಗುರ ಸಾರೋನು, ಹೆಗಲಿಗೆ ತಮಟೆ ನೇತುಹಾಕ್ಕೊಂಡು ದಿನಾ ಸಂಜೆ ಮೂರು ಬೀದಿ ಸುತ್ತಿ ಸಾರ್ತಿದ್ನಂತೆ. ಏನು ಸಾರ್ತಿದ್ದ ಹೇಳು? ರಾಜ ಬಂದ, ಯುದ್ಧ ಆಯ್ತು ಅಂತಾನಾ? ಅದ್ಯಾವುದೂ ಆ ಊರೋರಿಗೆ ಬೇಕಿರಲಿಲ್ಲ ಕಣೇ. ಅವರಿಗೆ ಬೇಕಿದ್ದಿದ್ದು ಮಕ್ಕಳ ಸುದ್ದಿ. ಪಟೇಲರ ಮೊಮ್ಮಗ ಬೋರಲು ಬಿದ್ದ ಕೇಳ್ರಪ್ಪೋ, ಡಣ ಡಣ. ಬಡಗಿ ಮನೆ ಕೂಸು ಹೊಸ್ತಿಲು ದಾಟ್ತು ಕೇಳ್ರಪ್ಪೋ, ಡಣ ಡಣ. ಆ ಸದ್ದಿಗೆ, ಆಗಷ್ಟೇ ಮಲಗಿಸಿದ ಕೂಸುಗಳೆಲ್ಲಾ ಎದ್ದು ಕೂತು ಕಿರುಚ್ತಿದ್ವಂತೆ, ತಾಯಂದಿರು ಹಲ್ಲು ಕಡೀತಾ ಮತ್ತೆ ತೂಗ್ತಿದ್ರಂತೆ, ಆದ್ರೂ ಒಬ್ಬಳೂ ಮಲಿಯಪ್ಪನಿಗೆ ಸುಮ್ಮನಿರು ಅನ್ನಲಿಲ್ಲವಂತೆ. ಯಾಕೆ ಅಂದ್ರೆ ಪಕ್ಕದ ಮನೆ ಮಗೂಗೆ ಹಲ್ಲು ಬಂತೋ ಇಲ್ವೋ ಅಂತ ಗೊತ್ತಾಗ್ಬೇಕಲ್ಲ!

ಒಂದೊಂದು ಸುದ್ದಿಗೆ ಒಂದೊಂದು ತಿಂಡಿ. ಬೋರಲು ಬಿದ್ರೆ ಕೊಬ್ಬರಿ ಬೆಲ್ಲ, ಹೊಸ್ತಿಲು ದಾಟಿದ್ರೆ ಕಡುಬು, ಹೆಜ್ಜೆ ಇಟ್ರೆ ಉಂಡೆ. ಹೆಜ್ಜೆಗೆ ಮಾತ್ರ ಇನ್ನೊಂದು ಪದ್ಧತಿ ಇತ್ತಂತೆ. ಸಾರಿದ ನಾಲ್ಕನೇ ದಿನ ಸಂಜೆ ಚಾವಡಿ ಮುಂದೆ ನೆಲ ಸಾರಿಸಿ, ಅಕ್ಕಿಹಿಟ್ಟು ತೆಳ್ಳಗೆ ಹರಡಿ, ಮಗೂನ ಅದರ ಮೇಲೆ ನಡೆಸ್ಬೇಕು. ಪುಟ್ಟ ಪಾದ ಮೂಡಿದ್ದನ್ನ ಊರೆಲ್ಲಾ ನೋಡ್ಬೇಕು. ಆಮೇಲೆ ಎಷ್ಟು ಹೆಜ್ಜೆ ಅಂತ ಸಾರಿದ್ರೋ ಮನೆಗೆ ಅಷ್ಟಷ್ಟು ಉಂಡೆ ಹಂಚ್ಬೇಕು.

ಮಲಿಯಪ್ಪನ ಮಾತು ಅಂದ್ರೆ ಆ ಊರಲ್ಲಿ ಅಷ್ಟು ನಂಬಿಕೆ ಕಣೇ. ಒಂದು ವರ್ಷ ಹಳ್ಳ ಉಕ್ಕಿ ಬರ್ತಿದೆ, ಗುಡ್ಡ ಹತ್ರಪ್ಪೋ ಅಂತ ಅವನು ಸಾರಿದಾಗ, ನಿಜಾನಾ ಅಂತ ಒಬ್ಬರೂ ಕೇಳಲಿಲ್ಲವಂತೆ, ಮಕ್ಕಳನ್ನ ಎತ್ಕೊಂಡು ಹತ್ತೇಬಿಟ್ರಂತೆ. ಎಲ್ಲರೂ ಉಳಿದ್ರಂತೆ. ಅದಕ್ಕೇ ಅಲ್ಲಿ ಒಂದು ಕಟ್ಟುಪಾಡು, ಸುಳ್ಳು ಸಾರಿದ್ರೆ ತಮಟೆ ಕಿತ್ಕೊಂಡು ಚಾವಡಿ ತೊಲೆಗೆ ನೇತುಹಾಕಿದ್ರು ಅಂತ್ಲೇ, ಸಾರಿದೋನು ಮತ್ತೆ ಮುಟ್ಟೋ ಹಾಗಿಲ್ಲ.

ಈ ಮಲಿಯಪ್ಪನಿಗೂ ಅವನ ಹೆಂಡತಿ ಸಣ್ಣೀರಮ್ಮನಿಗೂ ಹನ್ನೆರಡು ವರ್ಷ ಮಕ್ಕಳಿರಲಿಲ್ಲವಂತೆ, ಆಮೇಲೆ ಒಂದು ಹೆಣ್ಣು ಹುಟ್ತಂತೆ, ಚೆಲುವಿ ಅಂತ ಹೆಸರಿಟ್ರಂತೆ. ಹನ್ನೆರಡು ವರ್ಷ ಕಾದು ಹುಟ್ಟಿದ್ದು ನೋಡು, ನೆಲಕ್ಕೆ ಇಳಿಸೋಕ್ಕೇ ಮನಸ್ಸಿಲ್ಲ. ನೆಲದಲ್ಲಿ ಇರುವೆ, ನೆಲದಲ್ಲಿ ತಂಡಿ. ಅಮ್ಮನ ಕಂಕುಳಿಂದ ಅಪ್ಪನ ಕಂಕುಳಿಗೆ, ಅಪ್ಪನ ಕಂಕುಳಿಂದ ಅಮ್ಮನ ಕಂಕುಳಿಗೆ, ಒಂದೂಕಾಲು ವರ್ಷ ಆಯ್ತಂತೆ. ಅವಳ ವಾರಿಗೆಯ ಮಕ್ಕಳು ಆಗಲೇ ಓಡಿ ಹೋಗಿ ಕೋಳಿ ಬಾಲ ಹಿಡೀತಿದ್ವಂತೆ.

ಸಣ್ಣೀರಮ್ಮ ನೀರಿಗೆ ಹೋದ್ರೆ ಬಾವಿಕಟ್ಟೆ ಹತ್ರ ಹೆಂಗಸರು ಕೇಳೋರಂತೆ, ಏನಮ್ಮ, ನಿನ್ನ ಮಗಳು ಇನ್ನೂ ನಡೀಲಿಲ್ವಾ, ನಮ್ಮೋನು ಹತ್ತು ತಿಂಗಳಿಗೇ ನಡೆದ. ಇನ್ನೊಬ್ಬಳು, ನಮ್ಮೋಳು ಒಂಬತ್ತಕ್ಕೇ. ಇವಳು ಬಿಂದಿಗೆ ಕುಕ್ಕಿ ಮನೆಗೆ ಬಂದು ಗಂಡನ ಮೇಲೆ ಹಾರಾಡಿದ್ಲಂತೆ. ಊರವರ ಮಕ್ಕಳಿಗೆಲ್ಲಾ ಬಡೀತೀಯಲ್ಲ, ನನ್ನ ಮಗಳಿಗೆ ಯಾವತ್ತು ಬಡೀತೀಯ ಆ ನಿನ್ನ ತಮಟೇನ? ಮಲಿಯಪ್ಪನಿಗೂ ಅದೇ ಚಿಂತೆ. ಅವತ್ತು ಸಂಜೆ ಸಾರೋಕ್ಕೆ ಹೋದ. ಪಟೇಲರ ಮೊಮ್ಮಗ ಇವತ್ತು ಹತ್ತು ಮೆಟ್ಟಿಲು ಹತ್ತಿದ ಅಂತ ಸಾರ್ಬೇಕಿತ್ತು. ಸಾರಿದ. ಸಾರಿ ಮುಗಿಸಿದ ಮೇಲೆ, ಅದೇನು ಕೆಟ್ಟ ಗಳಿಗೆಯೋ, ಬಾಯಿಂದ ತಾನಾಗೇ ಬಂದುಬಿಡ್ತಂತೆ: ನನ್ನ ಮಗಳು ಚೆಲುವಿ ಏಳು ಹೆಜ್ಜೆ ಇಟ್ಟಳು ಕೇಳ್ರಪ್ಪೋ, ಡಣ ಡಣ ಡಣ!

ಮನೆಗೆ ಬಂದ್ರೆ ಸಣ್ಣೀರಮ್ಮ ಬಾಗಿಲಲ್ಲೇ ನಿಂತಿದ್ಲಂತೆ. ಸುಳ್ಳು ಹೇಳೋದು ಹೇಳಿದೆ, ಎರಡು ಹೆಜ್ಜೆ ಅಂದಿದ್ರೆ ಆಗ್ತಿರಲಿಲ್ವಾ, ಏಳಂತೆ ಏಳು, ಮನೆಗೆ ಏಳೇಳು ಉಂಡೆ ಯಾರು ಕಟ್ತಾರೆ? ಅಂದ್ಲಂತೆ. ಆಮೇಲೆ ತಮಟೆ ನೆನಪಾಗಿ ಇಬ್ಬರೂ ದಿನ ಎಣಿಸಿದ್ರಂತೆ. ನಡುವೆ ಮೂರೇ ದಿನ. ಅಷ್ಟರಲ್ಲಿ ಚೆಲುವಿ ನಡೀಬೇಕು, ಇಲ್ದಿದ್ರೆ ತಮಟೆ ಹೋಯ್ತು, ತಮಟೆ ಜೊತೆ ಮಲಿಯಪ್ಪನ ಮಾತೂ ಹೋಯ್ತು.

ಮೊದಲನೇ ದಿನ ಚೆಲುವಿಯನ್ನ ಪಡಸಾಲೆಯ ಆ ತುದೀಲಿ ಕೂರಿಸಿದ್ರಂತೆ. ಮಲಿಯಪ್ಪ ಈ ತುದೀಲಿ ಬೆಲ್ಲದಚ್ಚು ಹಿಡ್ಕೊಂಡು, ಬಾ ನನ್ನವ್ವ, ಬಾ ನನ್ನ ಬಂಗಾರ ಅಂತ ಕರೆದನಂತೆ. ಚೆಲುವಿ ನೋಡಿದ್ಲು. ಬೆಲ್ಲ ಅಂತ ಗೊತ್ತಾಯ್ತು. ಕೂತಲ್ಲೇ ಬಾಯಿ ಆ ಅಂತ ತೆರೆದ್ಲಂತೆ. ಅಪ್ಪ ಕರೀತಾನೆ, ಮಗಳು ಬಾಯಿ ತೆರೆದೇ ಇದಾಳೆ, ಜೊಲ್ಲು ಸುರೀತಾ ಇದೆ. ಕೊನೆಗೆ ಅಪ್ಪನ ಕರುಳು ತಡೀಲಿಲ್ಲ, ಎದ್ದು ಹೋಗಿ ಬಾಯಿಗೆ ಇಟ್ಟನಂತೆ. ಅಲ್ಲಿಗೆ ಏಳು ಹೆಜ್ಜೆ ಆಯ್ತು, ಇಟ್ಟೋನು ಅಪ್ಪ. ಸಂಜೆ ಒಂದ್ಸಲ ಮಾತ್ರ ಚೆಲುವಿ ಗೋಡೆ ಹಿಡಿದು ಏಳೋಕ್ಕೆ ನೋಡಿದ್ಲಂತೆ, ಅಷ್ಟರಲ್ಲಿ ಸಣ್ಣೀರಮ್ಮ ಅಯ್ಯೋ ಬಿದ್ದಾಳು ಅಂತ ಓಡಿ ಬಂದು ಎತ್ಕೊಂಡುಬಿಟ್ಟಳಂತೆ.

ಎರಡನೇ ದಿನ ಬಡಗಿ ಮನೆಯಿಂದ ಮೂರು ಗಾಲಿಯ ನಡಿಗೆ ಗಾಡಿ ತಂದ್ರಂತೆ. ನಿನ್ನ ತಮ್ಮನಿಗೂ ತಂದಿಟ್ಟಿದಾರಲ್ಲ ಅಟ್ಟದ ಮೇಲೆ, ಅಂಥದ್ದೇ. ಹಿಡ್ಕೊಂಡು ತಳ್ಕೊಂಡು ಹೋದ್ರೆ ಮಗು ತಾನಾಗೇ ನಡೀಬೇಕು. ಚೆಲುವಿ ಆ ಗಾಡೀನ ಬೋರಲು ಕೆಡವಿದ್ಲಂತೆ, ಒಂದು ಗಾಲಿ ತಿರುಗಿಸಿದ್ಲಂತೆ, ಅದು ನಿಂತ ಮೇಲೆ ಇನ್ನೊಂದು ಗಾಲಿ ತಿರುಗಿಸಿದ್ಲಂತೆ, ಹಿಂಗೇ ಬೆಳಗಿಂದ ಸಂಜೆ ತನಕ. ಮಧ್ಯೆ ಎರಡು ಸಲ ಗಾಡಿ ಹಿಡಿದು ನಿಂತಳು ಅಂತಿಟ್ಕೋ, ಮಲಿಯಪ್ಪ ಬೀಳ್ತಾಳೆ ಬೀಳ್ತಾಳೆ ಅಂತ ಎರಡು ಸಲವೂ ಎತ್ಕೊಂಡ. ಅವಳೂ, ಹೇಗೂ ಎತ್ಕೊಳ್ತಾರೆ ಬಿಡು ಅಂತ ಅಪ್ಪನ ಹೆಗಲ ಮೇಲೆ ತಲೆ ಇಟ್ಟಳಂತೆ. ನೀನಾಗಿದ್ರೂ ಅಷ್ಟೇ ಮಾಡ್ತಿದ್ದೆ, ನಗ್ಬೇಡ.

ಮೂರನೇ ದಿನ ಸಣ್ಣೀರಮ್ಮ ಬೀದೀಲಿ ಮುದುಕೀರನ್ನ ಕೇಳಿಕೊಂಡು ಬಂದ್ಲಂತೆ. ಒಬ್ಬಳು ಹರಳೆಣ್ಣೆ ತಿಕ್ಕು ಅಂದ್ಲು, ಒಬ್ಬಳು ಬಿಸಿಲಿಗೆ ಕಾದ ಮರಳಲ್ಲಿ ಸೊಂಟದ ತನಕ ಹೂತು ಕೂರಿಸು ಅಂದ್ಲು, ಇನ್ನೊಬ್ಬಳು ಕಾಲಿಗೆ ಗೆಜ್ಜೆ ಕಟ್ಟು, ಸದ್ದು ಕೇಳೋ ಆಸೆಗೆ ನಡೀತಾಳೆ ಅಂದ್ಲು. ದಿನಕ್ಕೊಂದು ಮಾಡೋಕ್ಕೆ ಪುರುಸೊತ್ತೆಲ್ಲಿ? ಮೂರೂ ಒಂದೇ ಸಲ ಮಾಡಿದ್ರಂತೆ. ಎಣ್ಣೆ ತಿಕ್ಕಿದ ಕೂಸನ್ನ ಮರಳಿಗೆ ಇಳಿಸಿದ್ರೆ ಏನಾಗುತ್ತೆ? ಎಳ್ಳಲ್ಲಿ ಹೊರಳಿಸಿದ ಉಂಡೆ ಥರ ಆದ್ಲಂತೆ ಚೆಲುವಿ. ಗೆಜ್ಜೆ ಬಿಚ್ಚಿ ಬಾಯಿಗೆ ಹಾಕ್ಕೊಂಡ್ಲಂತೆ. ಆಮೇಲೆ ಮರಳು ಬೆಚ್ಚಗಿತ್ತಲ್ಲ, ಕೂತಲ್ಲೇ ತೂಕಡಿಸಿ ನಿದ್ದೆ ಹೋದ್ಲಂತೆ. ಮಗು ಮಲಗಿದ್ದು ನೋಡಿ ಅಪ್ಪ ಅಮ್ಮನೂ, ಒಂದು ಗಳಿಗೆ ಕಣ್ಣು ಮುಚ್ಚೋಣ ಅಂತ ಅಲ್ಲೇ ಪಕ್ಕದಲ್ಲಿ ಒರಗಿದ್ರಂತೆ. ಎದ್ದಾಗ ಹೊತ್ತು ಮುಳುಗಿತ್ತಂತೆ. ಒಂದೂಕಾಲು ವರ್ಷದಲ್ಲಿ ಅವರು ಹಂಗೆ ಮಲಗಿದ್ದು ಅದೇ ಮೊದಲಂತೆ ಕಣೇ, ಪಾಪ.

ನಾಲ್ಕನೇ ದಿನ ಸಣ್ಣೀರಮ್ಮ ಬೆಳಗಿಂದ ಉಂಡೆ ಕಟ್ತಾ ಕೂತ್ಲಂತೆ. ಕಟ್ತಾ ಕಟ್ತಾ ಅತ್ತುಬಿಟ್ಟಳಂತೆ. ಉಂಡೆ ನೂರು ಬೇಕಾದ್ರೂ ಕಟ್ತೀನಿ, ಹೆಜ್ಜೆ ಎಲ್ಲಿಂದ ತರಲಿ? ನಾಳೆ ನೀನು ಹಳ್ಳ ಬಂತು ಅಂತ ಸಾರಿದ್ರೆ ಯಾರಾದ್ರೂ ಮನೆಯಿಂದ ಏಳ್ತಾರಾ, ಅವನು ಅವತ್ತು ಸುಳ್ಳು ಹೇಳಿದೋನಲ್ವಾ ಅಂತ ಕೂತಿರ್ತಾರೆ, ಮಕ್ಕಳೂ ಮರೀನೂ ಮುಳುಗಿಹೋಗ್ತವೆ. ಆ ಮಾತು ಮಲಿಯಪ್ಪನಿಗೆ ನಾಟ್ತಂತೆ. ತಮಟೆ ಹೋದ್ರೆ ಹೋಗಲಿ, ಹೋಗಿ ನಿಜ ಹೇಳಿಬಿಡ್ತೀನಿ ಅಂದ್ನಂತೆ. ನಾನೇ ತಾನೇ ನಿನ್ನ ಚುಚ್ಚಿದ್ದು, ನಾನೂ ಬರ್ತೀನಿ ಅಂದ್ಲಂತೆ ಇವಳು.

ಸಂಜೆ ಚಾವಡಿ ಮುಂದೆ ಇಡೀ ಊರು ಸೇರಿತ್ತಂತೆ, ಕಂಕುಳಲ್ಲಿ ಒಂದೊಂದು ಕೂಸು. ಅಕ್ಕಿಹಿಟ್ಟು ಹರಡಿತ್ತು. ಅದರ ಆಚೆ ತುದೀಲಿ ಉಂಡೆ ಬುಟ್ಟಿ ಇಟ್ಟಿದ್ರು. ಪಟೇಲರು ಮೀಸೆ ತಿರುವಿ, ಹಾಂ, ಮಗೂನ ಇಳಿಸಿ ಅಂದ್ರಂತೆ. ಮಲಿಯಪ್ಪ ತಮಟೆ ಬಿಚ್ಚಿ ಪಟೇಲರ ಕಾಲ ಹತ್ರ ಇಟ್ಟನಂತೆ. ಸಣ್ಣೀರಮ್ಮ ಚೆಲುವಿಯನ್ನ ಹಿಟ್ಟಿನ ಈಚೆ ತುದೀಲಿ ಇಳಿಸಿ ಗಂಡನ ಪಕ್ಕ ಬಂದು ನಿಂತ್ಲಂತೆ. ಇಬ್ಬರೂ ಕೈ ಮುಗಿದ್ರಂತೆ. ನಮ್ಮ ಮಗಳು ಏಳು ಹೆಜ್ಜೆ ಅಲ್ಲ, ಒಂದು ಹೆಜ್ಜೇನೂ ಇಟ್ಟಿಲ್ಲ ಸ್ವಾಮಿ, ನಾಚಿಕೆ ತಡೀಲಾರದೆ ಸುಳ್ಳು ಸಾರಿದೆ, ತಮಟೆ ತಗೊಳ್ಳಿ, ಆದ್ರೆ ಹಳ್ಳ ಕಾಯೋಕ್ಕೆ ಇನ್ನೊಬ್ಬನ್ನ ಇವತ್ತೇ ಇಡಿ ಅಂತ ಅತ್ತನಂತೆ ಮಲಿಯಪ್ಪ.

ಪಟೇಲರು ತಮಟೆ ಎತ್ಕೊಳ್ಳೋಕ್ಕೆ ಬಗ್ಗಿದ್ರು ನೋಡು, ಅಷ್ಟರಲ್ಲಿ ಅವರ ಹೆಂಡತಿ, ದೊಡ್ಡ ಮೂಗುತಿಯ ಪಟೇಲಮ್ಮ, ಬಿಡ್ರೀ ಅದನ್ನ ಅಂದ್ಲಂತೆ. ನಮ್ಮ ಮೊಮ್ಮಗನಿಗೆ ನಾಲ್ಕೇ ತಿಂಗಳಿಗೆ ಹಲ್ಲು ಬಂತು ಅಂತ ಸಾರಿಸಿದ್ರಲ್ಲ, ಅದು ಹಲ್ಲಲ್ಲ, ವಸಡಿಗೆ ಅಂಟಿದ ಅನ್ನದಗುಳು, ನನಗೆ ಮಾರನೇ ದಿನವೇ ಗೊತ್ತಾಯ್ತು, ಸುಮ್ಮನಿದ್ದೆ. ಪಟೇಲರ ಮೀಸೆ ಜೋತುಬಿತ್ತಂತೆ. ಆಮೇಲೆ ಬಡಗಿ ಎದ್ದು ನಿಂತು ಕೆಮ್ಮಿದ್ನಂತೆ. ನಮ್ಮ ಕೂಸು ಹೊಸ್ತಿಲು ದಾಟಿದ್ದು ನಿಜ, ಆದ್ರೆ ಅದರ ಹಿಂದಿನ ದಿನ ನಾನು ಉಜ್ಜುಗೊರಡು ಹಾಕಿ ಹೊಸ್ತಿಲನ್ನೇ ಸವೆಸಿಬಿಟ್ಟಿದ್ದೆ, ಅದರ ಮೇಲೆ ಬಸವನಹುಳಾನೂ ದಾಟ್ತಿತ್ತು ಅಂದ್ನಂತೆ. ಆಮೇಲೆ ಎಣ್ಣೆ ಗಾಣದ ಸಿದ್ದವ್ವ. ನಮ್ಮ ಮಗು ರಾತ್ರಿಯೆಲ್ಲಾ ಒಂದೇ ನಿದ್ದೆ ಮಾಡುತ್ತೆ ಅಂತ ಸಾರಿಸಿದೋನು ನನ್ನ ಗಂಡ, ಅಮ್ಮಯ್ಯಾ, ರಾತ್ರಿಯೆಲ್ಲಾ ಒಂದೇ ನಿದ್ದೆ ಮಾಡಿದೋನು ಅವನು, ಮಗು ಎತ್ಕೊಂಡು ಅಂಗಳ ಸುತ್ತಿದೋಳು ನಾನು!

ಶುರುವಾಯ್ತು ನೋಡು. ಹತ್ತು ತಿಂಗಳಿಗೇ ನಡೆದ ಅಂದಿದ್ದೋಳು ಹದಿನಾಲ್ಕು ಅಂತ ಒಪ್ಕೊಂಡ್ಲಂತೆ, ಒಂಬತ್ತಕ್ಕೇ ಅಂದಿದ್ದೋಳು ಲೆಕ್ಕವೇ ಮರೆತಿದೀನಿ ಅಂದ್ಲಂತೆ. ನಿನ್ನ ಮಾತು ಕೇಳಿ ನಾನು ಮೂರು ದಿನ ಊಟ ಬಿಟ್ಟಿದ್ದೆನಲ್ಲೇ ಪಾಪಿ ಅಂತ ಒಬ್ಬಳು, ನಿನ್ನ ನೋಡಿ ತಾನೇ ನಾನು ಹೇಳಿದ್ದು ಅಂತ ಇನ್ನೊಬ್ಬಳು. ಬೈಗುಳ, ನಗು, ಅಳು ಎಲ್ಲಾ ಒಟ್ಟಿಗೆ. ಕಂಕುಳಲ್ಲಿದ್ದ ಕೂಸುಗಳೂ ದನಿಗೂಡಿಸಿದ್ವಂತೆ.

ಆ ಗದ್ದಲದಲ್ಲಿ ಸಣ್ಣೀರಮ್ಮ ಕಣ್ಣೊರೆಸ್ಕೊಂಡು ತಿರುಗಿ ನೋಡ್ತಾಳೆ, ಚೆಲುವಿ ಇಳಿಸಿದ ಜಾಗದಲ್ಲಿ ಇಲ್ಲ! ಆಮೇಲೆ ನೋಡಿದ್ರೆ, ಹಿಟ್ಟಿನ ಆಚೆ ತುದೀಲಿ ಉಂಡೆ ಬುಟ್ಟಿ ಹತ್ರ ಕೂತಿದಾಳೆ, ಎರಡು ಕೈಯಲ್ಲಿ ಎರಡು ಉಂಡೆ, ಬಾಯಲ್ಲಿ ಒಂದು. ನಡುವೆ ಹಿಟ್ಟಿನ ಮೇಲೆ ಪುಟ್ಟ ಪುಟ್ಟ ಪಾದ, ಒಂದಾದ ಮೇಲೊಂದು. ಪಟೇಲರು ಬಗ್ಗಿ ಎಣಿಸಿದ್ರಂತೆ. ಒಂಬತ್ತು. ಎತ್ಕೊಳ್ಳೋರು ಇಬ್ಬರೂ ಕೈ ಮುಗಿದು ನಿಂತಿದ್ರಲ್ಲ, ಆ ಹುಡುಗಿ ಯಾರನ್ನೂ ಕಾಯದೆ ಎದ್ದು ನಡೆದುಬಿಟ್ಟಿತ್ತಂತೆ.

ಊರೋರು ಒಬ್ಬರನ್ನೊಬ್ಬರು ಕೇಳ್ಕೊಂಡ್ರಂತೆ, ನೀನು ನೋಡಿದ್ಯಾ? ನಾನಿಲ್ಲ. ನೀನು? ನಾನು ಸಿದ್ದವ್ವನ ಬಾಯಿ ನೋಡ್ತಿದ್ದೆ. ಇಡೀ ಊರಲ್ಲಿ ಒಬ್ಬರೂ ನೋಡಿರಲಿಲ್ಲವಂತೆ. ಸಣ್ಣೀರಮ್ಮ ಆ ಹಿಟ್ಟಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಒಂದೊಂದು ಹೆಜ್ಜೆ ಮೇಲೂ ಬೆರಳಿಟ್ಟಳಂತೆ. ಹನ್ನೆರಡು ವರ್ಷ ಕಾದೋಳು ನಾನು, ನನ್ನ ಮಗಳ ಮೊದಲನೇ ಹೆಜ್ಜೆ ನಾನೇ ನೋಡಲಿಲ್ವಲ್ಲ ಅಂತ ಅಳ್ತಾ ನಗ್ತಾ ಕೂತ್ಲಂತೆ.

ಪಟೇಲರು ತಮಟೆ ಎತ್ತಿ ಮಲಿಯಪ್ಪನ ಕೈಗೇ ಕೊಟ್ರಂತೆ. ಇದನ್ನ ಕಿತ್ಕೊಳ್ಳೋ ಯೋಗ್ಯತೆ ಇರೋನು ಈ ಊರಲ್ಲಿ ಒಬ್ಬನೂ ಇಲ್ಲ, ಹೋಗು, ಒಂಬತ್ತು ಹೆಜ್ಜೆ ಅಂತ ಸಾರು ಅಂದ್ರಂತೆ. ಮಲಿಯಪ್ಪ ಮಗಳನ್ನ ನೋಡಿದ, ಹೆಂಡತಿಯನ್ನ ನೋಡಿದ, ಬಡಿಯೋ ಕೋಲು ಎತ್ತಿದ, ಇಳಿಸಿದ. ಮಕ್ಕಳು ಬೆಚ್ಚಿಬೀಳ್ತಾವೆ ಅಂತ ಬರೀ ಬೆರಳಲ್ಲಿ ಮೆಲ್ಲಗೆ ತಟ್ಟಿ ಮೂರು ಬೀದೀಲೂ ಹಿಂಗೆ ಸಾರಿದನಂತೆ: ಏಳು ಹೆಜ್ಜೆ ಅಂದಿದ್ದು ಸುಳ್ಳು ಕೇಳ್ರಪ್ಪೋ. ಚೆಲುವಿ ಇವತ್ತು ನಡೆದಳು, ನಾವ್ಯಾರೂ ನೋಡಲಿಲ್ಲ ಕೇಳ್ರಪ್ಪೋ. ಎಲ್ಲರೂ ಮನೆಗೆ ಹೋಗಿ ನಿಮ್ಮ ನಿಮ್ಮ ಮಗೂನ ನೋಡ್ರಪ್ಪೋ!

ಎಲ್ಲರೂ ಹೋದ್ರಂತೆ. ಮಕ್ಕಳನ್ನ ನೆಲಕ್ಕೆ ಇಳಿಸಿ ಎದುರಿಗೆ ಕೂತು ನೋಡಿದ್ರಂತೆ. ಅವತ್ತು ಸಂಜೆ ಆ ಊರಲ್ಲಿ ಅದೇನು ನಿಶ್ಶಬ್ದ ಅಂತೀಯ! ಅಲ್ಲಿಂದಾಚೆ ಮಲಿಯಪ್ಪ ಕೂಸು ಹುಟ್ಟಿದ್ರೆ ಮತ್ತು ಹಳ್ಳ ಬಂದ್ರೆ ಮಾತ್ರ ಸಾರ್ತಿದ್ನಂತೆ. ಚೆಲುವಿ ಏನಾದ್ಲು ಅಂತೀಯಾ? ಮಾರನೇ ದಿನದಿಂದ ನಿಲ್ಲಲೇ ಇಲ್ಲವಂತೆ, ಬೆಳಗಾದ್ರೆ ಓಟ, ಹಿಂದೆ ಅಪ್ಪ, ಅವನ ಹಿಂದೆ ಅಮ್ಮ, ಏಳು ಹೆಜ್ಜೆ ಅಂತ ಸಾರಿದ್ಯಲ್ಲ, ಅನುಭವಿಸು ಈಗ ಅಂತ ಬೈಕೊಂಡು. ಹಂಗೇ ಮೂವರೂ ಸುಖವಾಗಿದ್ರಂತೆ.

ಅಲ್ಲಿಗೆ ಅವರ ಕತೆ ಮುಗೀತು, ಇಲ್ಲಿಗೆ ನನ್ನ ದನಿಯೂ ಮುಗೀತು. ಇನ್ನು ನೀನು ಮಲಗು, ನಾನು ನಿನ್ನ ನೋಡ್ತಾ ಇರ್ತೀನಿ.