ದನ ಮೂಸಿ ಬಿಟ್ಟ ಸೊಪ್ಪು

"ಕೇಳ್ರಪ್ಪೋ ಕೇಳಿ! ರಾಜಕುಮಾರಿ ಬಾಚಲದೇವಿಯವರ ಎದೆಯಲ್ಲಿ ಗಂಟಾಗಿದೆ. ಅವರ ಮೂರು ಒಗಟು ಬಿಡಿಸಿದವನೇ ಮದ್ದು ಕೊಡತಕ್ಕದ್ದು. ಬಿಡಿಸಿದರೆ ಕೇಳಿದ್ದು ಸಿಗುವುದು, ತಪ್ಪಿದರೆ ತಲೆದಂಡ!"

ಬೆಳ್ಳಿಗಿರಿಯ ಬೀದಿಬೀದಿಯಲ್ಲೂ ಹೀಗೆ ಡಂಗುರ ಸಾರಿದರು. ತಲೆದಂಡದ ಮಾತು ರಾಜನದಲ್ಲ, ಮಗಳದೇ. ಬಂದ ವೈದ್ಯರೆಲ್ಲ ನಾಳೆಯೇ ಗುಣ ಎಂದು ಬೊಗಳೆ ಬಿಟ್ಟು, ಶಾಲು ಹೊದ್ದು ಹೋಗಿದ್ದರು. "ನನ್ನ ಪ್ರಾಣ ಪಣಕ್ಕಿಡುವವರು ತಮ್ಮದನ್ನೂ ಇಡಲಿ" ಎಂದು ಅವಳು ಹಟ ಹಿಡಿದಿದ್ದಳು. ನೊಂದವಳ ಹಟ, ತಪ್ಪೆನ್ನುವವರು ಯಾರು?

ದನ ಕಾಯುವ ಜಡೆಯನೂ ಹೊರಟ. ಇಂಥದೇ ಗಂಟು ಅವನ ಅವ್ವನಿಗೂ ಆಗಿತ್ತು, ಚಿಕ್ಕವ್ವನಿಗೂ ಆಗಿತ್ತು. ಇಬ್ಬರಿಗೂ ಬೇಲಿಯ ಒಂದು ಸೊಪ್ಪು ಅರೆದು ಕುಡಿಸಿದ್ದರು. ಅದೇ ಸೊಪ್ಪನ್ನು ಪಂಚೆಯ ಚುಂಗಿಗೆ ಕಟ್ಟಿಕೊಂಡು, ಹೆದರುತ್ತಲೇ ಆಸ್ಥಾನದಲ್ಲಿ ನಿಂತ. ಅವನ ಮುಂದೆ ಇಬ್ಬರು ಪಂಡಿತರಿದ್ದರು.

ಬಾಚಲದೇವಿ ದಿಂಬಿಗೊರಗಿ ಕೇಳಿದಳು: "ನನ್ನ ಮನೆಯಲ್ಲೇ ಹುಟ್ಟಿತು, ನನ್ನ ಅನ್ನವನ್ನೇ ಉಂಡಿತು. ಎಲ್ಲರೂ ಉಂಡು ಏಳುತ್ತಾರೆ, ಅದು ಏಳುವುದೇ ಇಲ್ಲ. ಯಾರದು?"

"ದಾಯಾದಿ" ಎಂದರು ಮೊದಲನೆಯವರು. "ಯಾರೋ ಮಾಡಿಸಿದ ಮಾಟ" ಎಂದರು ಎರಡನೆಯವರು. ಭಟರು ಇಬ್ಬರನ್ನೂ ಸೆರೆಗೆ ಎಳೆದೊಯ್ದರು. ಈಗ ಜಡೆಯನ ಸರದಿ.

"ನಿಮ್ ಮೈಯಿನ ಮಾಂಸಾನೇ ತಾಯಿ. ಬೆಳೆಯೋದು ನಿಲ್ಲಿಸೋಕೆ ಮರ್ತದೆ."

ಅವಳು ನೆಟ್ಟಗೆ ಕೂತಳು. "ದನ ಮೂಸಿ ಬಿಡುತ್ತದೆ, ಹುಳ ಕಚ್ಚುವುದಿಲ್ಲ, ಮಕ್ಕಳಿಗೆ ಮುಟ್ಟಬೇಡ ಅನ್ನುತ್ತೇವೆ. ಸಾಯುವವರು ಮಾತ್ರ ಅದನ್ನೇ ಬೇಡುತ್ತಾರೆ. ಏನದು?"

"ಗಿಡದ ವಿಷ. ಓಡೋಕೆ ಕಾಲಿಲ್ವಲ್ಲ, ಅದಕ್ಕೇ ವಿಷ ಇಟ್ಕೊಂಡದೆ. ಬಿರಬಿರನೆ ಬೆಳೆಯೋದನ್ನ ಮೊದ್ಲು ಹಿಡೀತದೆ. ಗಂಟೂ ಕರಗಬೌದು, ಕೂದ್ಲೂ ಉದುರ್ತದೆ."

"ಒಂದೇ ಮದ್ದು, ಒಂದೇ ಬಟ್ಟಲು, ಕುಡಿಸಿದ್ದು ಒಂದೇ ಕೈ. ಒಬ್ಬಳು ಎದ್ದಳು, ಒಬ್ಬಳು ಏಳಲಿಲ್ಲ. ವ್ಯತ್ಯಾಸ ಎಲ್ಲಿತ್ತು?"

ಜಡೆಯನ ಕಣ್ಣು ತುಂಬಿತು. ಅವನ ಮನೆಯಲ್ಲಿ ಎದ್ದವಳು ಚಿಕ್ಕವ್ವ, ಏಳದವಳು ಅವ್ವ.

"ಕುಡಿದ ಮೈಯಲ್ಲಿತ್ತು ತಾಯಿ. ಒಂದ್ ಮೈ ಇದ್ದಂಗೆ ಇನ್ನೊಂದಿಲ್ಲ. ದಿನಾ ನೋಡಿ ನೋಡಿ, ಆ ಮೈಗೆ ತಕ್ಕಷ್ಟೇ ಕೊಡಬೇಕು."

ರಾಜ ಸಿಂಹಾಸನದಿಂದ ಎದ್ದೇಬಿಟ್ಟ. "ಹಾಗಾದರೆ ನನ್ನ ಮಗಳು ಉಳಿಯುತ್ತಾಳೆ ಅನ್ನು!"

"ಗೊತ್ತಿಲ್ಲ ಬುದ್ಧಿ."

ಭಟರು ಜಡೆಯನ ಕಡೆ ಹೆಜ್ಜೆ ಇಟ್ಟರು. ಬಾಚಲದೇವಿ ಮಾತ್ರ ಎಷ್ಟೋ ತಿಂಗಳ ಮೇಲೆ ನಕ್ಕಳು. "ಮೂರಕ್ಕೆ ಮೂರೂ ಸರಿ. ಸುಳ್ಳು ಹೇಳದವನನ್ನು ಇವತ್ತೇ ಕಂಡೆ. ಏನು ಬೇಕು, ಕೇಳು."

"ಆ ಪಂಡಿತರನ್ನ ಬಿಡಿಸಿ. ಸೊಪ್ಪು ನಂಗೊತ್ತು, ವಿಷ ತೂಗೋದು ಅವರಿಗ್ಗೊತ್ತು. ಒಬ್ಬನ ಕೈಲಿ ಆಗೋದಲ್ಲ ಇದು."

ಪಂಡಿತರು ಸೆರೆಯಿಂದ ಬಂದು ತಕ್ಕಡಿ ಹಿಡಿದರು. ಅಳತೆ ಮತ್ತೆ ಮತ್ತೆ ತಪ್ಪಿ, ಮತ್ತೆ ಮತ್ತೆ ತಿದ್ದಿದರು. ಅವಳು ವಾಂತಿ ಮಾಡಿಕೊಂಡಾಗ ಜಡೆಯ ಬೋಗುಣಿ ಹಿಡಿದ. ಅವಳ ಕೂದಲೆಲ್ಲ ಉದುರಿತು. ಮಳೆಗಾಲ ಕಳೆಯುವ ಹೊತ್ತಿಗೆ ಗಂಟು ಬೆರಳಿಗೆ ಸಿಗದಷ್ಟು ಸಣ್ಣದಾಗಿತ್ತು.

ರಾಜ ಅರ್ಧ ರಾಜ್ಯ ಕೊಟ್ಟ, ಮಗಳು ಜಡೆಯನನ್ನೇ ವರಿಸುತ್ತೇನೆಂದಳು. ಜೋಯಿಸರು ಪಂಚಾಂಗ ಬಿಚ್ಚಿದರು. ಬಾಚಲದೇವಿ ಬೋಳು ತಲೆಯ ಮೇಲೆ ಕೈಯಾಡಿಸಿ, "ಅದನ್ನು ಮುಚ್ಚಿಡಿ ಸ್ವಾಮಿ. ಒಂದು ಹೂ ಮುಡಿಯುವಷ್ಟು ಕೂದಲು ಬರಲಿ, ಅವತ್ತೇ ಮುಹೂರ್ತ" ಎಂದಳು.