ಎರಡು ರುಮಾಲಿನ ಓಬಳೇಗೌಡರು

“ನಾನು ಬದಲಾಯಿಸಿದ್ದು ರುಮಾಲು, ಮಹಾಸ್ವಾಮಿ, ತಲೆಯನ್ನಲ್ಲ. ಇದರಲ್ಲಿ ತಪ್ಪು ತೋರಿಸುವ ಗಂಡಸು ಈ ಆಸ್ಥಾನದಲ್ಲಿದ್ದರೆ ಎದ್ದು ನಿಲ್ಲಲಿ!”

ಹೀಗೆಂದು ಮೀಸೆ ತೀಡಿದವರು ಹಳೇಪೇಟೆಯ ಓಬಳೇಗೌಡರು.

ಸಂಪಗೆದುರ್ಗದಲ್ಲಿ ಆಗ ಎರಡು ಪಕ್ಷಗಳು: ಬಿಳಿ ರುಮಾಲಿನವರು, ಕೆಂಪು ರುಮಾಲಿನವರು. ಗೌಡರು ಬಿಳಿ ರುಮಾಲು ಸುತ್ತಿಯೇ ಪೇಟೆಯ ಯಜಮಾನರಾಗಿದ್ದರು. ಈಗ ಕೋಟೆಯ ಹೆಬ್ಬಾಗಿಲಿನ ಅಧಿಕಾರ ತೆರವಾಗಿತ್ತು. ಅದು ಆಸ್ಥಾನದ ಹುದ್ದೆ. ಈ ಸಲ ಕೆಂಪಿನವರ ಪಾಲಿಗೆ ಬಂದಿತ್ತು. ಸಂಜೆ ಬಿಳಿ ರುಮಾಲಿನಲ್ಲಿ ಮಲಗಿದ ಗೌಡರು ಬೆಳಿಗ್ಗೆ ಕೆಂಪು ರುಮಾಲಿನಲ್ಲಿ ಎದ್ದರು.

ಕೆಂಪಿನ ಹಿರಿಯರು ಅವರಿಗೆ ಹಾರ ಹಾಕಿ ಬರಮಾಡಿಕೊಂಡರು. ಹಾರದ ಬುಟ್ಟಿ ಹಿಡಿದು ಪಕ್ಕದಲ್ಲಿ ನಿಂತಿದ್ದವನು ಈರಣ್ಣ. ಮುತ್ತಿಗೆಯ ಕಾಲದಲ್ಲಿ ಅದೇ ಬಾಗಿಲನ್ನು ಕಾದು ಒಂದು ಕಣ್ಣು ಕಳೆದುಕೊಂಡವನು. ಆ ಹುದ್ದೆ ಅವನಿಗೇ ಎಂದು ಹಿರಿಯರು ಮಾತು ಕೊಟ್ಟಿದ್ದರು. ಮಾತು ಬುಟ್ಟಿಯಲ್ಲಿ ಉಳಿಯಿತು.

ದೊರೆ ಚಿತ್ರಶೇಖರ ನಾಯಕರು ಕೇಳಿದರು: “ಹಾಗಾದರೆ ಪೇಟೆಯ ಯಜಮಾನಿಕೆ ಬಿಟ್ಟಿರಾ, ಗೌಡರೇ?”

“ಬಿಡುವುದೇಕೆ, ಸ್ವಾಮಿ? ಪೇಟೆಯಲ್ಲಿ ಬಿಳಿ, ಕೋಟೆಯಲ್ಲಿ ಕೆಂಪು. ಜನಸೇವೆಗೆ ಬಣ್ಣ ಎಲ್ಲಿಯದು? ಇಲ್ಲಿನ ಕೆಲಸ ಕೈಗೂಡದಿದ್ದರೆ ನನ್ನ ಜಾಗಕ್ಕೆ ನಾನು ಹಿಂತಿರುಗಬೇಕಲ್ಲ.”

ಆಸ್ಥಾನದ ಜಾಣ ಕೊಟ್ರಯ್ಯ ಮೂಲೆಯಿಂದ ಕೆಮ್ಮಿದ. ದೊರೆ ತಿರುಗಿ ನೋಡಿದರು.

“ಏನಯ್ಯಾ ಕೆಮ್ಮು? ಕಟ್ಟಳೆಯಲ್ಲಿ ಇದಕ್ಕೆ ತಡೆಯಿಲ್ಲ. ತಪ್ಪು ಕಂಡರೆ ನಾಳೆಯ ಅರಮನೆಯ ಊಟ ಮುಗಿಯುವುದರೊಳಗೆ ಅದನ್ನು ಗೌಡರ ಬಾಯಿಂದಲೇ ಹೊರಡಿಸು. ಆಗದಿದ್ದರೆ ಹೆಬ್ಬಾಗಿಲಿನ ಬೀಗದ ಕೈ ಅವರಿಗೆ. ಅವರ ಹಿಂದೆ ಛತ್ರಿ ಹಿಡಿಯುವ ಕೆಲಸ ನಿನಗೆ.”

“ಅಪ್ಪಣೆ. ಊಟದ ಉಸ್ತುವಾರಿಯನ್ನು ನನಗೇ ಕೊಡಿಸಿ, ಸ್ವಾಮಿ.”

ಮರುದಿನ ಮಧ್ಯಾಹ್ನ ಭೋಜನಶಾಲೆಯಲ್ಲಿ ಎರಡು ಪಂಕ್ತಿ. ಮೇಲಿನ ಜಗಲಿಯಲ್ಲಿ ಆಸ್ಥಾನದವರು, ಕೆಳಗೆ ಊರು ಕೇರಿಗಳ ಯಜಮಾನರು, ಕಾವಲಿನವರು. ಗೌಡರು ಇನ್ನೂ ಪೇಟೆಯ ಯಜಮಾನರೇ ಆದ್ದರಿಂದ ಅವರ ಎಲೆ ಕೆಳಗೆ, ಈರಣ್ಣನ ಪಕ್ಕದಲ್ಲಿ ಬಿತ್ತು.

ಬಡಿಸುವುದರಲ್ಲಿ ಕೊಟ್ರಯ್ಯ ಒಂದು ಸಣ್ಣ ವ್ಯತ್ಯಾಸ ಮಾಡಿದ್ದ. ಕೆಳಗೆ ಅನ್ನ, ಸಾರು ಬಂದು ಜನ ಕಲಸಿ ಉಣ್ಣತೊಡಗಿದ ಮೇಲೆಯೇ ಮೇಲಿನ ಪಂಕ್ತಿಗೆ ಹೋಳಿಗೆ ಹೊರಟಿತು. ಬಿಸಿ ಹೋಳಿಗೆ, ಮೇಲೆ ಹರಿಯುವಷ್ಟು ತುಪ್ಪ. ಆ ಪಂಕ್ತಿಯ ನಡುವೆ ಒಂದು ಎಲೆ ಮಾತ್ರ ಖಾಲಿ.

ಗೌಡರ ತುತ್ತು ಬಾಯಿಯ ಹತ್ತಿರವೇ ನಿಂತಿತು.

“ಕೊಟ್ರಯ್ಯಾ, ಅಲ್ಲಿ ಆ ಎಲೆ ಯಾರದು?”

“ಇನ್ನೂ ಯಾರೂ ಕೂತಿಲ್ಲ, ಗೌಡರೇ. ಆಸ್ಥಾನದವರದ್ದು.”

“ಬೀಗದ ಕೈ ಕೈಗೆ ಬಂದರೆ ನಾನೂ ಆಸ್ಥಾನದವನೇ ತಾನೆ?”

“ಸಂಶಯವೇ ಇಲ್ಲ. ಆದರೆ ಈ ಎಲೆಯಲ್ಲಿ ಉಣ್ಣುತ್ತಿದ್ದೀರಲ್ಲ?”

“ಉಂಡರೇನು? ಇದು ಇಲ್ಲೇ ಇರುತ್ತದೆ. ಅಲ್ಲಿ ಹೋಳಿಗೆ ಸಾಲದೆ ಹೋದರೆ ಮತ್ತೆ ಇಲ್ಲಿಗೇ ಬರುತ್ತೇನೆ.”

“ಬಡಿಸುವವರಿಗೆ ಗೊತ್ತಾಗಬೇಡವೇ? ಒಂದು ಮಾತು ಗಟ್ಟಿಯಾಗಿ ಹೇಳಿಬಿಡಿ.”

ಗೌಡರು ಎದ್ದು ನಿಂತು ಇಡೀ ಶಾಲೆಗೆ ಕೇಳುವಂತೆ ಕೂಗಿದರು: “ನನ್ನ ಎಲೆ ಯಾರೂ ಮುಟ್ಟಬೇಡಿ! ಮೇಲೆ ಹೋಗಿ ನೋಡಿಕೊಂಡು ಈಗ ಬಂದೆ!”

ಪಂಕ್ತಿಯ ನಡುವೆ ಎದ್ದವನ ಊಟ ಅಲ್ಲಿಗೆ ಮುಗಿಯಿತು ಎಂಬುದು ಮಕ್ಕಳಿಗೂ ತಿಳಿದ ರೀತಿ. ಗೌಡರಿಗೂ ತಿಳಿದಿತ್ತು. ಆದರೆ ಯಜಮಾನಿಕೆಗೆ ಬಂದಂದಿನಿಂದ ಅವರಿಗೆ ಯಾರೂ ಯಾವ ರೀತಿಯನ್ನೂ ನೆನಪಿಸಿರಲಿಲ್ಲ.

ಎಂಜಲು ಕೈಯನ್ನು ಎತ್ತಿ ಹಿಡಿದು ಅವರು ಜಗಲಿ ಏರಿದರು. ಮೇಲಿನ ಪಂಕ್ತಿ ಒಟ್ಟಾಗಿ ಹೌಹಾರಿತು.

“ಎಂಜಲು ಕೈಯಲ್ಲಿ ಪಂಕ್ತಿಗೆ ಬರುತ್ತೀರಾ? ಇಳಿಯಿರಿ ಕೆಳಗೆ!” ಎಂದು ಗದರಿದವರು ನಿನ್ನೆ ಹಾರ ಹಾಕಿದ ಕೆಂಪಿನ ಹಿರಿಯರೇ.

ಗೌಡರು ಸರಸರನೆ ಇಳಿದು ಬಂದರು. ಅಷ್ಟರಲ್ಲಿ ಅವರ ಎಲೆ ಎತ್ತಿಯಾಗಿತ್ತು. ನೆಲವನ್ನು ಸಾರಿಸಿಯೂ ಆಗಿತ್ತು.

ಎರಡು ಪಂಕ್ತಿಗಳ ನಡುವೆ, ಬೆರಳಿಂದ ಸಾರು ತೊಟ್ಟಿಕ್ಕಿಸುತ್ತ ಓಬಳೇಗೌಡರು ನಿಂತರು. “ಮಹಾಸ್ವಾಮಿ! ಈ ಕೊಟ್ರಯ್ಯ ನನಗೆ ಮೋಸ ಮಾಡಿದ! ನಾನೀಗ ಎಲ್ಲಿ ಕೂರಲಿ?”

ದೊರೆಗೆ ನಗು ತಡೆಯುವುದು ಕಷ್ಟವಾಯಿತು. “ಕೊಟ್ರಯ್ಯಾ, ಅತಿಥಿಯನ್ನು ಅರ್ಧ ಹೊಟ್ಟೆಯಲ್ಲಿ ಎಬ್ಬಿಸಬಹುದೇ?”

“ನಾನು ಎಬ್ಬಿಸಲಿಲ್ಲ, ಸ್ವಾಮಿ. ಹೋಳಿಗೆ ಎಬ್ಬಿಸಿತು. ತಪ್ಪು ಅವರ ಬಾಯಿಂದಲೇ ಹೊರಡಬೇಕೆಂದು ಅಪ್ಪಣೆಯಾಗಿತ್ತು. ಗೌಡರು ಕೂಗಿದ್ದನ್ನು ತಾವೂ ಕೇಳಿದಿರಿ.”

“ಕೇಳಿದೆ. ಒಂದು ಎಲೆಯ ಮಾತು. ಅದಕ್ಕೂ ಬೀಗದ ಕೈಗೂ ಏನು ಸಂಬಂಧ?”

ಕೊಟ್ರಯ್ಯ ಕೈಮುಗಿದ. “ನಾಳೆ ಕೋಟೆಯ ಹೊರಗೆ ಶತ್ರು ಬೀಡುಬಿಟ್ಟು, ಅವನ ಬಿಡಾರದಲ್ಲಿ ಹೋಳಿಗೆ ಬೇಯುವ ಘಮ ಬಂತೆನ್ನಿ. ಗೌಡರು ಹೆಬ್ಬಾಗಿಲನ್ನು ಹಾರು ಹೊಡೆದು ಹೊರಡುತ್ತಾರೆ. ಹೋಗುವಾಗ ನಮಗೂ ಒಂದು ಮಾತು ಕೂಗಿಯೇ ಹೋಗುತ್ತಾರೆ, ಸ್ವಾಮಿ: ‘ನನ್ನ ಬಾಗಿಲು ಯಾರೂ ಮುಟ್ಟಬೇಡಿ, ಈಗ ಬಂದೆ!’”

ಬಿಳಿಯವರೂ ಕೆಂಪಿನವರೂ ಒಟ್ಟಿಗೆ ನಕ್ಕದ್ದು ಸಂಪಗೆದುರ್ಗದಲ್ಲಿ ಅದೇ ಮೊದಲು. ಗೌಡರು ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ನಡೆದರು.

ದೊರೆ ಸೊಂಟದಿಂದ ಬೀಗದ ಕೈ ತೆಗೆದರು. “ಈರಣ್ಣಾ, ಬಾ. ಇದು ನಿನ್ನದು.”

ಈರಣ್ಣ ತಲೆಯೆತ್ತಿದ. ಒಂಟಿ ಕಣ್ಣು ತುಂಬಿ ಬಂದಿತ್ತು. ಆದರೆ ಏಳಲಿಲ್ಲ.

“ಕ್ಷಮಿಸಬೇಕು, ಮಹಾಸ್ವಾಮಿ. ಇನ್ನೂ ಮಜ್ಜಿಗೆ ಬಡಿಸಿಲ್ಲ.”

ದೊರೆ ಬೀಗದ ಕೈ ಹಿಡಿದು ಕಾದರು.